ಹಳೆ ಇ-ರೀಡರ್‌ಗೆ ವೈಫೈ ಹಿಡಿಸಿದ್ದು: ನನ್ನ ಅನುಭವ

ವೈಫೈ ಹಿಡಿಯುತ್ತಿಲ್ಲ ಎಂದ ಮಾತ್ರಕ್ಕೆ ಇ-ರೀಡರ್, ಅಂದರೆ ಇ-ಪುಸ್ತಕ ಓದುವ ಸಾಧನ, ಸತ್ತಿದೆ ಎಂದಲ್ಲ. ಎರಡು ವರ್ಷದಿಂದ ಇದನ್ನೇ ಹೇಳುತ್ತಿದ್ದೆ, ಕೇಳುವವರು ಇರಲಿಲ್ಲ. "ರಿಪೇರಿಯವನು ಇನ್ನೇನು ಹೇಳ್ತಾನೆ" ಎಂದು ನಕ್ಕವರೇ ಜಾಸ್ತಿ. ಈಗ ನಮ್ಮ ಸಾಗರ ಪೇಟೆಯ ಸುತ್ತಮುತ್ತ ಇಪ್ಪತ್ತೋ ಇಪ್ಪತ್ತೈದೋ ಹಳೆ ಕಿಂಡಲ್‌ಗಳು (ಅಮೆಜಾನ್ ಕಂಪನಿಯ ಇ-ರೀಡರ್) ನನ್ನ ಟೇಬಲ್ ಮೇಲಿಂದ ಎದ್ದು ಹೋಗಿ ಆರಾಮಾಗಿ ಪುಸ್ತಕ ಇಳಿಸಿಕೊಳ್ಳುತ್ತಿವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬೇರೆ ಕಡೆ "ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಎನ್ನಿಸಿಕೊಂಡು ಬಂದಂಥವು. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ನಂದು ಮೊಬೈಲ್, ಕಂಪ್ಯೂಟರ್ ರಿಪೇರಿ ಅಂಗಡಿ. ಓದುತ್ತಿರುವವರಿಗೂ ರೂಟರ್‌ನ ಸೆಟ್ಟಿಂಗ್ ಪುಟ ತೆರೆಯೋದು, ಮಲ್ಟಿಮೀಟರ್ ಹಿಡಿಯೋದು ಗೊತ್ತಿರುತ್ತದೆ ಅಂದುಕೊಂಡಿದ್ದೇನೆ. ರೀಸ್ಟಾರ್ಟ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ, ನೆಟ್‌ವರ್ಕ್ ಮರೆಸಿ ಪಾಸ್‌ವರ್ಡ್ ಮತ್ತೆ ಹೊಡೆಯಿರಿ, ಇದನ್ನೆಲ್ಲ ಮಾಡಿ ಸೋತ ಮೇಲೇ ಜನ ನಮ್ಮ ಹತ್ತಿರ ಬರೋದು. ಅಲ್ಲಿಂದ ಮುಂದಿನದು ಹೇಳುತ್ತೇನೆ.

ಮೊದಲೆಲ್ಲ ವೈಫೈ ಕೈಕೊಟ್ಟರೆ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಕೊಂಡ ಪುಸ್ತಕವನ್ನು ಅಮೆಜಾನ್ ಸೈಟಿನಿಂದ ಕಂಪ್ಯೂಟರಿಗೆ ಇಳಿಸಿ, ಕೇಬಲ್ ಚುಚ್ಚಿ ಹಾಕಿಕೊಂಡರಾಯಿತು. ಆ ಸೌಲಭ್ಯ 2025ರ ಫೆಬ್ರವರಿ 26ಕ್ಕೆ ನಿಂತುಹೋಯಿತು. ನಮ್ಮ ಹತ್ತಿರ ಇರುವ ಇಪಬ್ (ಇ-ಪುಸ್ತಕದ) ಫೈಲನ್ನು ಕ್ಯಾಲಿಬರ್ ಎನ್ನುವ ಕಂಪ್ಯೂಟರ್ ಸಾಫ್ಟ್‌ವೇರ್‌ನಿಂದ ಈಗಲೂ ಕೇಬಲ್‌ನಲ್ಲಿ ಕಳಿಸಬಹುದು. ಆದರೆ ಅಮೆಜಾನ್‌ಗೆ ದುಡ್ಡು ಕೊಟ್ಟು ಕೊಂಡ ಪುಸ್ತಕ ರೀಡರ್‌ಗೆ ಬರಬೇಕೆಂದರೆ ಸಾಮಾನ್ಯವಾಗಿ ವೈಫೈ ಬೇಕೇ ಬೇಕು. ಕಪಾಟಿನಲ್ಲಿ ಮಲಗಿದ್ದ ಮಾಲೆಲ್ಲ ಆವಾಗ ಹೊರಗೆ ಬಂತು. ಪೇಪರ್‌ವೈಟ್ ಎನ್ನುವ ಮಾಡೆಲ್‌ನ ಹೊಸ ಕಿಂಡಲ್ ಆ ವರ್ಷ ಹದಿನೇಳು ಸಾವಿರದ ಹತ್ತಿರ ಇತ್ತು. ಹತ್ತು ವರ್ಷದ ಹಿಂದೆ ಹನ್ನೊಂದು ಸಾವಿರ ಕೊಟ್ಟವರಿಗೆ ಇನ್ನೊಮ್ಮೆ ಹದಿನೇಳು ಬಿಚ್ಚಲು ಮನಸ್ಸಾಗುತ್ತದೆಯೇ? ಪರದೆ ಚೆನ್ನಾಗಿದೆ, ಲೈಟು ಉರಿಯುತ್ತಿದೆ, ಬ್ಯಾಟರಿ ವಾರ ಬರುತ್ತದೆ. ಇಂಟರ್ನೆಟ್ ಒಂದು ಇಲ್ಲ, ಅಷ್ಟೇ.

ನನಗೆ ಬುದ್ಧಿ ಕಲಿಸಿದ್ದು ಹೆಗ್ಗೋಡಿನ ಕಡೆಯ ಒಬ್ಬ ಮೇಷ್ಟ್ರ ರೀಡರ್. ರಿಟೈರ್ ಆದವರು. 2015ರ ಪೇಪರ್‌ವೈಟ್, ಮಗ ಅಮೆರಿಕದಿಂದ ತಂದುಕೊಟ್ಟಿದ್ದು. ಮನೆಗೆ ಫೈಬರ್ ಬಂದು ಹೊಸ ರೂಟರ್ ಕೂತ ದಿನದಿಂದ ವೈಫೈ ಇಲ್ಲ. ಸಹಾಯವಾಣಿಗೆ ಫೋನ್ ಮಾಡಿದ್ದಕ್ಕೆ ಫ್ಯಾಕ್ಟರಿ ರೀಸೆಟ್ ಮಾಡಿ ಎಂದರಂತೆ. ಮಾಡಿದರು. ಒಳಗಿದ್ದ ಪುಸ್ತಕವೂ ಹೋಯಿತು, ಅಡಿಗೆರೆ ಹಾಕಿ ಇಟ್ಟುಕೊಂಡಿದ್ದೂ ಹೋಯಿತು. ಆಮೇಲೆ ಖಾತೆಗೆ ನೋಂದಣಿ ಮಾಡೋಣ ಎಂದರೆ ಅದಕ್ಕೂ ವೈಫೈ ಕೇಳುತ್ತದೆ. ವೈಫೈ ಇಲ್ಲ ಎಂದೇ ತಾನೇ ಇಷ್ಟೆಲ್ಲ ಮಾಡಿದ್ದು! ದಯವಿಟ್ಟು ಇದೊಂದು ನೆನಪಿಟ್ಟುಕೊಳ್ಳಿ: ಬೇರೆ ಯಾವುದಾದರೂ ನೆಟ್‌ವರ್ಕಿಗೆ ರೀಡರ್ ಸೇರಿಕೊಂಡಿದ್ದನ್ನು ಕಣ್ಣಾರೆ ನೋಡುವ ತನಕ ಫ್ಯಾಕ್ಟರಿ ರೀಸೆಟ್ ಮುಟ್ಟಬೇಡಿ.

ನಾನೂ ಮೊದಲು ಎಲ್ಲರ ಹಾಗೆ ಹಾರ್ಡ್‌ವೇರ್ ಎಂದೇ ಹೊರಟೆ. ನಮ್ಮ ಕಸುಬಿನವರ ಕೈ ಸ್ಕ್ರೂಡ್ರೈವರ್ ಕಡೆಗೇ ಹೋಗುತ್ತದೆ. ಪೇಪರ್‌ವೈಟ್‌ನ ಮುಂದಿನ ಚೌಕಟ್ಟು ಅಂಟು ಹಾಕಿದ್ದು. ಹಾಟ್ ಏರ್ ಕಡಿಮೆ ಇಟ್ಟು, ಹಳೆ ಸಿಮ್ ಕಾರ್ಡ್ ತುಂಡು ತೂರಿಸಿ ಎಬ್ಬಿಸಬೇಕು. ಸ್ವಲ್ಪ ಜೋರು ಮಾಡಿದರೆ ಪರದೆ ಕೆಳಗಿನ ಗಾಜು ಚಟ್ ಎನ್ನುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದೆ. ಬ್ಯಾಟರಿ ಬದಲಾಯಿಸಿದೆ, ಏಳು ನೂರೋ ಎಂಟು ನೂರೋ ಆಯಿತು. ಕೊನೆಗೆ ಆನ್‌ಲೈನ್‌ನಲ್ಲಿ ಯಾರೋ ಬಿಚ್ಚಿ ಮಾರುತ್ತಿದ್ದ ಬೋರ್ಡ್ ತರಿಸಿದೆ, ಎರಡು ಸಾವಿರದ ಇನ್ನೂರರ ಆಸುಪಾಸು. ಬೋರ್ಡ್ ಜೊತೆ ಅದರ ಸೀರಿಯಲ್ ನಂಬರೂ ಬರುತ್ತದೆ. ಆ ನಂಬರನ್ನು ಯಾರೋ ಕಳೆದುಹೋಗಿದೆ ಎಂದು ಬರೆಸಿದ್ದರೋ ಏನೋ, ನೋಂದಣಿಗೆ ಒಪ್ಪಲೇ ಇಲ್ಲ. ಮಾರಿದವನು ಫೋನ್ ಎತ್ತಲಿಲ್ಲ. ಒಟ್ಟು ಮೂರು ಸಾವಿರ ನನ್ನ ಕೈಯಿಂದ ಹೋಯಿತು, ಮೇಷ್ಟ್ರ ಹತ್ತಿರ ಕೇಳುವ ಹಾಗೂ ಇಲ್ಲ.

ಪಕ್ಕದ ಅಂಗಡಿಯವನ ವಾದ ಬೇರೆ. "ಅಲ್ಲ ಮಾರಾಯ, ಅದೇ ಮನೇಲಿ ಫೋನ್ ಹಿಡಿಯುತ್ತೆ, ಟಿವಿ ಹಿಡಿಯುತ್ತೆ, ಇದೊಂದು ಹಿಡಿಯಲ್ಲ. ತಪ್ಪು ಯಾರದ್ದು ಹೇಳು?" ಕೇಳಲು ಸರಿ ಎನ್ನಿಸುತ್ತದೆ. ಎಲ್ಲರೂ ಬೀಳುವುದು ಇಲ್ಲೇ.

ಹಳೆ ಬೋರ್ಡನ್ನೇ ವಾಪಸ್ ಕೂರಿಸಿ ನನ್ನ ಫೋನಿನ ಹಾಟ್‌ಸ್ಪಾಟ್ ಹಾಕಿದೆ. ಬ್ಯಾಂಡ್ (ವೈಫೈ ಓಡಾಡುವ ರೇಡಿಯೋ ಅಲೆಯ ಶ್ರೇಣಿ) 2.4 ಗಿಗಾಹರ್ಟ್ಸ್, ಭದ್ರತೆ (ವೈಫೈಗೆ ಬೀಗ ಹಾಕುವ ಪದ್ಧತಿ) ಡಬ್ಲ್ಯೂಪಿಎ2. ಒಂದೇ ಏಟಿಗೆ ಸೇರಿಕೊಂಡಿತು. ಅಂಗಡಿಯ ರೂಟರ್‌ಗೂ ಸೇರಿಕೊಂಡಿತು. ಮೇಷ್ಟ್ರ ಮನೆಗೆ ಹೋದರೆ ಇಲ್ಲ. ಅಂದರೆ ಬೋರ್ಡ್ ಸರಿಯಿದೆ, ರೇಡಿಯೋ ಸರಿಯಿದೆ, ಗಲಾಟೆ ಇರುವುದು ಆ ಮನೆಯ ಗಾಳಿಯಲ್ಲಿ. ಈಗ ಯಾವ ರೀಡರ್ ಬಂದರೂ ನನ್ನ ಮೊದಲ ಪರೀಕ್ಷೆ ಇದೇ. ಐಫೋನ್ ಇದ್ದವರು ಹಾಟ್‌ಸ್ಪಾಟ್‌ನಲ್ಲಿ 'ಹೊಂದಾಣಿಕೆ ಹೆಚ್ಚಿಸಿ' ಎನ್ನುವ ಅರ್ಥದ ಗುಂಡಿ ಒತ್ತಿದರೆ ಅದು 2.4ಕ್ಕೆ ಇಳಿಯುತ್ತದೆ. ಹತ್ತು ನಿಮಿಷದ ಕೆಲಸ, ಪೈಸೆ ಖರ್ಚಿಲ್ಲ.

ಮೇಷ್ಟ್ರ ಮನೆ ಹಳೆ ತೊಟ್ಟಿ ಮನೆ. ಜಂಬಿಟ್ಟಿಗೆ ಗೋಡೆ, ಒಂದೂವರೆ ಅಡಿ ದಪ್ಪ. ರೂಟರ್ ಜಗುಲಿಯಲ್ಲಿ, ಮೀಟರ್ ಬೋರ್ಡ್ ಪಕ್ಕ ಮೊಳೆಗೆ ನೇತಾಡುತ್ತಿದೆ. ಅವರು ಓದುವುದು ಒಳಗೆ, ನಡುಮನೆ ದಾಟಿ. ಮೊದಲು ಗೋಡೆಯ ಮೇಲೇ ಅನುಮಾನ ಬಂತು. ರೀಡರನ್ನು ಜಗುಲಿಗೇ ತಂದು ರೂಟರ್ ಕೆಳಗೆ ಹಿಡಿದೆ. ಪಟ್ಟಿಯಲ್ಲಿ ಪಕ್ಕದ ಮನೆಯ ವೈಫೈ ಒಂದು ಕಡ್ಡಿ ಕಾಣುತ್ತಿದೆ, ತಲೆಯ ಮೇಲೇ ಇರುವ ರೂಟರ್ ಹೆಸರು ಕಾಣುತ್ತಲೇ ಇಲ್ಲ. ಫೋನಿನಲ್ಲಿ ವೈಫೈ ಅನಲೈಸರ್ ತೆರೆದು ನೋಡಿದೆ. ರೂಟರ್ 'ಆಟೋ'ದಲ್ಲಿ ಹೋಗಿ 13ನೇ ಚಾನೆಲ್‌ನಲ್ಲಿ ಕೂತಿತ್ತು. ಚಾನೆಲ್ ಎಂದರೆ 2.4ರ ಒಳಗಿನ ಒಂದೊಂದು ಓಣಿ.

ಇಲ್ಲಿದೆ ಗುಟ್ಟು. ನಮ್ಮ ದೇಶದಲ್ಲಿ 2.4ರ ಬ್ಯಾಂಡಿಗೆ 2005ರಿಂದಲೇ ಲೈಸೆನ್ಸ್ ಬೇಡ, 1ರಿಂದ 13ರ ತನಕ ಯಾವ ಚಾನೆಲ್ ಬೇಕಾದರೂ ಬಳಸಬಹುದು. ಅಮೆರಿಕದಲ್ಲಿ ಬಳಕೆ 11ಕ್ಕೆ ಮುಗಿಯುತ್ತದೆ. ಅಲ್ಲಿಯ ಮಾರುಕಟ್ಟೆಗೆ ಮಾಡಿದ ರೀಡರ್ 12, 13ರ ಕಡೆ ಕಿವಿಯನ್ನೇ ಕೊಡುವುದಿಲ್ಲ. ಅದರ ಮಟ್ಟಿಗೆ ಆ ರೂಟರ್ ಇಲ್ಲ, ಅಷ್ಟೇ. ನಮ್ಮ ಊರುಗಳಲ್ಲಿ ಮನೆಗೊಬ್ಬ ಮಗನೋ ಮಗಳೋ ಹೊರದೇಶದಲ್ಲಿ ಇರುತ್ತಾರೆ, ರೀಡರ್ ಬರುವುದೂ ಅಲ್ಲಿಂದಲೇ. ಹೀಗಾಗಿ ಈ ಒಂದು ಕಾರಣಕ್ಕೆ ಬಂದ ಮಾಲೇ ಏಳೆಂಟು ಇರಬಹುದು. ಪಟ್ಟಿಯಲ್ಲಿ ಹೆಸರೇ ಕಾಣದಿದ್ದರೆ ಮೊದಲ ಅನುಮಾನ ಚಾನೆಲ್ ಮೇಲೆ. ಹೆಸರು ಕಂಡು, ಸರಿಯಾದ ಪಾಸ್‌ವರ್ಡ್ ಹೊಡೆದರೂ 'ತಪ್ಪು' ಎಂದರೆ ಅನುಮಾನ ಭದ್ರತೆಯ ಮೇಲೆ. ಸೇರಿ ಅರ್ಧ ನಿಮಿಷಕ್ಕೆ ಬಿಟ್ಟುಹೋದರೆ ರೂಟರ್‌ನ ಜಾಣತನದ ಮೇಲೆ ಅಥವಾ ಬ್ಯಾಟರಿಯ ಮೇಲೆ.

ಭದ್ರತೆಯ ವಿಷಯ ಹೇಳುತ್ತೇನೆ. ಹೊಸ ರೂಟರ್‌ಗಳು ಡಬ್ಲ್ಯೂಪಿಎ2, ಡಬ್ಲ್ಯೂಪಿಎ3 ಎರಡನ್ನೂ ಬೆರೆಸಿಕೊಂಡು ಬರುತ್ತವೆ. ಬೆರೆಸಿದೆ ಎಂದರೆ ಹಳೆಯವೂ ಸೇರಬಹುದು ಎಂದು ಅರ್ಥ. ಕಾಗದದ ಮೇಲೆ ಸರಿ. ಡಬ್ಲ್ಯೂಪಿಎ3 ಬಂದದ್ದೇ 2018ರಲ್ಲಿ. ಅದಕ್ಕೂ ಮುಂಚಿನ ಸಾಧನಗಳಲ್ಲಿ ಕೆಲವು ಆ ಬೆರಕೆ ನೋಡಿಯೇ ಗಲಿಬಿಲಿಯಾಗುತ್ತವೆ. 'ಪಿಎಂಎಫ್' ಎಂದು ಒಂದು ಸೆಟ್ಟಿಂಗ್ ಇದೆ, ರೂಟರ್, ಸಾಧನಗಳ ನಡುವಿನ ನಿರ್ವಹಣಾ ಸಂದೇಶಗಳನ್ನು ಕಾಪಾಡುವುದಕ್ಕೆ. ಅದು 'ಕಡ್ಡಾಯ' ಎಂದಿದ್ದರಂತೂ ಹಳೆ ರೀಡರ್ ಹೊಸಲು ದಾಟುವುದಿಲ್ಲ. ಪರದೆಯ ಮೇಲೆ ಮಾತ್ರ ಪಾಸ್‌ವರ್ಡ್ ತಪ್ಪು ಎಂದೇ ತೋರಿಸುತ್ತದೆ. ಮನೆಯವರು ಪಾಪ, ಮಕ್ಕಳ ಹುಟ್ಟಿದ ತಾರೀಖು, ನಾಯಿ ಹೆಸರು ಎಲ್ಲ ಹೊಡೆದು ನೋಡಿರುತ್ತಾರೆ.

ಇನ್ನು ರೂಟರ್‌ನ ಜಾಣತನ. ಈಗ 2.4ರ ಬ್ಯಾಂಡಿಗೂ 5 ಗಿಗಾಹರ್ಟ್ಸ್ ಬ್ಯಾಂಡಿಗೂ ಒಂದೇ ಹೆಸರು ಇಟ್ಟಿರುತ್ತಾರೆ. ಯಾರಾದರೂ 2.4ರಲ್ಲಿ ಬಂದರೆ ರೂಟರ್ ಮೊದಲು ಉತ್ತರ ಕೊಡದೆ ಸುಮ್ನಿರುತ್ತದೆ, 5ಕ್ಕೆ ಹೋಗಲಿ ಎಂದು. ಪಂಕ್ತಿಯಲ್ಲಿ ಕೂತವನನ್ನು ಎಬ್ಬಿಸಿ ಆ ಕಡೆ ಎಲೆ ಖಾಲಿ ಇದೆ ಎಂದು ಕಳಿಸಿದ ಹಾಗೆ. ಫೋನು ಎದ್ದು ಹೋಗುತ್ತದೆ. 2013, 2015ರ ಪೇಪರ್‌ವೈಟ್‌ಗಳಿಗೆ 5 ಗೊತ್ತೇ ಇಲ್ಲ, ಅವಕ್ಕೆ ಬರುವುದು 802.11 ಬಿ, ಜಿ, ಎನ್ ಎನ್ನುವ ಹಳೆ ವೈಫೈ ತಲೆಮಾರುಗಳು ಮಾತ್ರ. 2021ರ ಪೇಪರ್‌ವೈಟ್‌ಗೆ 5ರ ಬ್ಯಾಂಡೂ ಬರುತ್ತದೆ, ಡಬ್ಲ್ಯೂಪಿಎ3 ಕೂಡ ಬರುತ್ತದೆ, ಅದಕ್ಕೇ ಅದರ ತಕರಾರು ನನ್ನ ಹತ್ತಿರ ಬಂದಿಲ್ಲ.

ಮದ್ದು ಏನು ಎಂದು ನಿಮಗೆ ಗೊತ್ತಾಗಿರಬಹುದು. 2.4ಕ್ಕೂ 5ಕ್ಕೂ ಹೆಸರು ಬೇರೆ ಮಾಡಿ, ಚಾನೆಲ್ 1 ಅಥವಾ 6ಕ್ಕೆ ಕಟ್ಟಿಹಾಕಿ, ಚಾನೆಲ್‌ನ ಅಗಲ 20 ಮೆಗಾಹರ್ಟ್ಸ್, ಡಬ್ಲ್ಯೂಪಿಎ2 ಎಇಎಸ್ ಮಾತ್ರ, ಪಿಎಂಎಫ್ ತೆಗೆಯಿರಿ. ಆದರೆ ಮೇಷ್ಟ್ರ ಮನೆಯ ರೂಟರ್‌ನಲ್ಲಿ ಇದ್ಯಾವುದೂ ನನ್ನ ಕೈಗೆ ಸಿಗಲಿಲ್ಲ. ಕನೆಕ್ಷನ್ ಕೊಟ್ಟವರು ಪಾಸ್‌ವರ್ಡ್ ಬದಲಾಯಿಸುವಷ್ಟು ಮಾತ್ರ ಬಿಟ್ಟು ಉಳಿದ ಪುಟಕ್ಕೆಲ್ಲ ಬೀಗ ಹಾಕಿದ್ದರು. ಅವರ ಹುಡುಗನಿಗೆ ಫೋನ್ ಮಾಡಿದೆ. "ಎಲ್ಲ ಆಟೋದಲ್ಲಿ ಇರ್ಲಿ ಅಣ್ಣ, ಅದೇ ಬೆಸ್ಟು" ಎಂದ. ಬೇರೆ ರೂಟರ್ ಹಾಕಿಸಿಕೊಳ್ಳಿ, ಮೂರು ಸಾವಿರ ಆಗುತ್ತದೆ ಎಂದೂ ಸೇರಿಸಿದ.

ಮೂರು ಸಾವಿರ ಯಾಕೆ? ನನ್ನ ಅಂಗಡಿಯ ಅಟ್ಟದಲ್ಲಿ ಹಳೆ ರೂಟರ್‌ಗಳ ರಾಶಿಯೇ ಇದೆ. ಫೈಬರ್ ಬಂದ ಮೇಲೆ ಜನ ಬಿಟ್ಟುಹೋದದ್ದು, ಗುಜರಿಯಲ್ಲಿ ನೂರೈವತ್ತು, ಇನ್ನೂರಕ್ಕೆ ಸಿಗುವಂಥದ್ದು. 2.4 ಮಾತ್ರ ಬರುವ, ಒಂದು ಕೊಂಬಿನ ಮಾಲು. ಯಾರಿಗೂ ಬೇಡವಾಗಿದ್ದೇ ಇಲ್ಲಿ ಬೇಕಾಗಿರುವುದು. ಒಂದನ್ನು ರೀಸೆಟ್ ಮಾಡಿ, ಅದರ ವಿಳಾಸ 192.168.1.2 ಎಂದು ಇಟ್ಟೆ. ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್. ದೊಡ್ಡ ರೂಟರ್‌ನ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕಿನ) ತೂತಿನಿಂದ ಇದರ ಲ್ಯಾನ್ ತೂತಿಗೆ ಕೇಬಲ್. ವ್ಯಾನ್ (ಹೊರಗಿನ ಇಂಟರ್ನೆಟ್ ಬರುವ) ತೂತಿಗೆ ಚುಚ್ಚಬೇಡಿ, ಎರಡೆರಡು ಸಲ ವಿಳಾಸ ಬದಲಾಗಿ ಗೋಜಲಾಗುತ್ತದೆ. ಹದಿನೈದು ಮೀಟರ್ ಕೇಬಲ್ ಎಳೆದೆ, ನಡುಮನೆಯ ತೊಲೆ ಮೇಲಿಂದ, ಮೀಟರಿಗೆ ಹದಿನೈದೋ ಇಪ್ಪತ್ತೋ ರೂಪಾಯಿ. ಹೀಗೆ ಗೋಡೆಯ ತಾಪತ್ರಯವೂ ಅದರ ಜೊತೆಗೇ ತೀರಿತು, ರೂಟರ್ ಈಗ ಮೇಷ್ಟ್ರ ಆರಾಮ ಕುರ್ಚಿಯ ಹತ್ತಿರ ಇದೆ.

ರೀಡರ್ ಆನ್ ಮಾಡಿದರು. ಹೆಸರು ಬಂತು, ಪಾಸ್‌ವರ್ಡ್ ಹೊಡೆದರು, ಮೇಲೆ ಮೂಲೆಯಲ್ಲಿ ಬೀಸಣಿಗೆ ಗುರುತು ತುಂಬಿಕೊಂಡಿತು. ನೋಂದಣಿ ಆಯಿತು. ಒಂದೊಂದೇ ಮುಖಪುಟ ಬೂದಿ ಬಣ್ಣದಲ್ಲಿ ಇಳಿಯತೊಡಗಿತು. ಒಟ್ಟು ಖರ್ಚು ಐದು ನೂರರ ಒಳಗೆ. ಮೇಷ್ಟ್ರು ಏನೂ ಹೇಳಲಿಲ್ಲ. ಅವರ ಮನೆಯವರು ಮಾತ್ರ ಕೇಳಿದರು, "ಇನ್ನೊಂದು ಡಬ್ಬ ಹಚ್ಚಿದ್ರಲ್ಲ, ಕರೆಂಟ್ ಎಷ್ಟು ತಿನ್ನುತ್ತೆ?" ನ್ಯಾಯವಾದ ಪ್ರಶ್ನೆ. ಗೃಹಜ್ಯೋತಿಯಲ್ಲಿ ಹಳೆ ಸರಾಸರಿಯ ಮೇಲೆ ಇಷ್ಟೇ ಎಂದು ಮಿತಿ ಇದೆಯಲ್ಲ, ಯೂನಿಟ್ ಹೆಚ್ಚಾದರೆ ಬಿಲ್ ಬರುತ್ತದೆ. ನಾಲ್ಕು ವ್ಯಾಟ್ ಹಿಡಿದರೂ ದಿನವಿಡೀ ಉರಿದರೆ ತಿಂಗಳಿಗೆ ಮೂರು ಯೂನಿಟ್‌ಗೆ ಸ್ವಲ್ಪ ಕಡಿಮೆ. ಸ್ವಿಚ್ ಇರುವ ಬೋರ್ಡಿಗೆ ಹಾಕಿಕೊಟ್ಟೆ, ಪುಸ್ತಕ ಇಳಿಸುವಾಗ ಮಾತ್ರ ಹಾಕಿಕೊಳ್ಳುತ್ತಾರೆ.

ಅಡಾಪ್ಟರ್ ಬಗ್ಗೆ ಎಚ್ಚರ. ಹಳೆ ರೂಟರ್‌ಗಳಲ್ಲಿ 9 ವೋಲ್ಟ್‌ನದೂ ಇದೆ, 12ರದೂ ಇದೆ, ಪಿನ್ ಒಂದೇ ಥರ. ನಮ್ಮ ಹುಡುಗ ಒಂದಕ್ಕೆ ಇನ್ನೊಂದು ಹಾಕಿ ಎರಡು ಸುಟ್ಟಿದ್ದಾನೆ. ಈಗ ಅಡಾಪ್ಟರಿಗೂ ರೂಟರಿಗೂ ಒಂದೇ ಬಣ್ಣದ ಟೇಪ್ ಸುತ್ತಿ ಇಡುತ್ತೇವೆ.

ರೂಟರ್‌ಗೆ ಕಂಪನಿಯದ್ದರ ಬದಲು ಓಪನ್‌ಡಬ್ಲ್ಯೂಆರ್‌ಟಿ ಎನ್ನುವ ಬಿಟ್ಟಿ ಸಾಫ್ಟ್‌ವೇರ್ ಹಾಕಿದರೆ ಇನ್ನೂ ಚೆನ್ನ ಎಂದು ಸ್ವಲ್ಪ ದಿನ ಅದರ ಹಿಂದೆ ಬಿದ್ದಿದ್ದೆ. 4 ಎಂಬಿ ಫ್ಲ್ಯಾಶ್ ಮೆಮೊರಿ ಇರುವ ರೂಟರ್‌ಗೆ ಈಗಿನ ಆವೃತ್ತಿ ಹಿಡಿಸುವುದಿಲ್ಲ, ಹಳೆಯದನ್ನೇ ಹಾಕಬೇಕು. ಹಾಕಿದೆ, ನಡೆಯಿತು. ಆದರೆ ಮನೆಯವರಿಗೆ ಅದರ ಪುಟ ಅರ್ಥವಾಗುವುದಿಲ್ಲ, ನನಗೇ ಫೋನ್ ಬರುತ್ತದೆ. ಕಂಪನಿಯ ಸಾಫ್ಟ್‌ವೇರೇ ಸಾಕು. ಆದರೂ ಒಂದು ಲಾಭ ಆಯಿತು. ಮಲಗಿ ಎದ್ದ ರೀಡರ್ ಮತ್ತೆ ಮತ್ತೆ ಕಳಚಿಕೊಳ್ಳುವುದನ್ನು ತಪ್ಪಿಸುವ ಎರಡು ಅಂಕಿಗಳು ಅಲ್ಲಿ ಸಿಕ್ಕವು, ಬೀಕನ್‌ಗೆ, ಅಂದರೆ ರೂಟರ್ 'ನಾನಿದ್ದೇನೆ' ಎಂದು ಆಗಾಗ ಕೂಗುವ ಸಂದೇಶಕ್ಕೆ, ಸಂಬಂಧಪಟ್ಟದ್ದು. ಆ ಅಂಕಿ ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ. ಹೊಟ್ಟೆಪಾಡು, ಅರ್ಥ ಮಾಡಿಕೊಳ್ಳಿ.

ಇಷ್ಟಾದರೂ ಕೆಲವು ರೀಡರ್ ವೈಫೈ ಸೇರುತ್ತವೆ, ಇಂಟರ್ನೆಟ್ ಇಲ್ಲ ಎನ್ನುತ್ತವೆ. ಇದು ಬೇರೆ ರೋಗ. ನಾನು ಮೊದಲು ನೋಡುವುದು ಗಡಿಯಾರ. ಬ್ಯಾಟರಿ ಪೂರ್ತಿ ಇಳಿದು ತಿಂಗಳುಗಟ್ಟಲೆ ಬಿದ್ದಿದ್ದ ರೀಡರ್‌ನಲ್ಲಿ ತಾರೀಖು ಎಲ್ಲಿಗೋ ಹೋಗಿರುತ್ತದೆ. ಒಂದರಲ್ಲಂತೂ 1970 ಇತ್ತು. ತಾನು ಅಸಲಿ ಎಂದು ಸರ್ವರ್ ತೋರಿಸುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದ ತನಕ ಎಂದು ಅವಧಿ ಇರುತ್ತದೆ. 1970ರಲ್ಲಿ ಕೂತು ನೋಡಿದರೆ ಅದು ಇನ್ನೂ ಹುಟ್ಟೇ ಇಲ್ಲ. ರೀಡರ್ ನಂಬುವುದಿಲ್ಲ, ಬಾಗಿಲು ತೆಗೆಯುವುದಿಲ್ಲ. ಗಡಿಯಾರ ಸರಿ ಮಾಡಿ ರೀಸ್ಟಾರ್ಟ್ ಕೊಟ್ಟರೆ ಮೂರರಲ್ಲಿ ಒಂದು ಅಲ್ಲೇ ಸರಿಹೋಗುತ್ತದೆ.

ತೀರಾ ಹಳೆಯವಾದರೆ, ಅಂದರೆ 2012 ಮತ್ತು ಅದಕ್ಕೂ ಹಿಂದಿನ ಕಿಂಡಲ್ ಆದರೆ, ಇನ್ನೊಂದು ವಿಷಯ ಇದೆ. 2016ರ ಮಾರ್ಚ್ 22ರ ಒಳಗೆ ಅಪ್‌ಡೇಟ್ ಹಾಕಿಕೊಳ್ಳಿ ಎಂದು ಅಮೆಜಾನ್ ಹೇಳಿತ್ತು. ಹಾಕಿಕೊಳ್ಳದವು ಆಮೇಲೆ ವೈಫೈ ಮೂಲಕ ಅಮೆಜಾನ್‌ನ ಪುಸ್ತಕದ ಅಂಗಡಿಗೆ ಹೋಗಲಾರದೆ ಉಳಿದವು. ಅಂಥದ್ದಕ್ಕೆ ಅಪ್‌ಡೇಟ್ ಫೈಲನ್ನು ಕಂಪ್ಯೂಟರಿನಲ್ಲಿ ಇಳಿಸಿ, ಯುಎಸ್‌ಬಿಯಲ್ಲಿ ಯಾವ ಫೋಲ್ಡರ್ ಒಳಗೂ ಅಲ್ಲದೆ ಹೊರಗಡೆಯೇ ಇಟ್ಟು, ಸೆಟ್ಟಿಂಗ್‌ನಿಂದ ಅಪ್‌ಡೇಟ್ ಒತ್ತಬೇಕಿತ್ತು. ಬ್ಯಾಟರಿ ಅರ್ಧಕ್ಕಿಂತ ಮೇಲಿರಬೇಕಿತ್ತು. ಇನ್ನು ಕೆಲವು ಸೈಟುಗಳು ಬ್ರೌಸರ್‌ನಲ್ಲಿ ತೆರೆಯುವುದಿಲ್ಲ ಎಂದು ತರುತ್ತಾರೆ. 2021ರ ಸೆಪ್ಟೆಂಬರ್ 30ಕ್ಕೆ, ಸೈಟುಗಳಿಗೆ ಬಿಟ್ಟಿಯಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನವರು ನೆಚ್ಚಿಕೊಂಡಿದ್ದ ಹಳೆ ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು, ಹಳೆ ಸಾಧನಗಳಿಗೆ ಎಷ್ಟೋ ಸೈಟು ಅಂದೇ ಮುಚ್ಚಿಹೋದವು. ಅದಕ್ಕೆ ನನ್ನಲ್ಲಿ ಮದ್ದಿಲ್ಲ, ಹೇಳಿ ಕಳಿಸುತ್ತೇನೆ.

ಒಬ್ಬ ಸಾಫ್ಟ್‌ವೇರ್ ಹುಡುಗ, ಬೆಂಗಳೂರಿನ ಕೆಲಸವನ್ನು ತೋಟದ ಮನೆಯಿಂದಲೇ ಮಾಡುವವನು, ಬಹಳ ಕಾಡಿದ. ನನಗಿಂತ ಜಾಸ್ತಿ ಗೊತ್ತು ಅವನಿಗೆ. ಚಾನೆಲ್ ಸರಿ, ಭದ್ರತೆ ಸರಿ, ಗಡಿಯಾರ ಸರಿ, ಆದರೂ ಇಂಟರ್ನೆಟ್ ಇಲ್ಲ ಎಂದೇ ತೋರಿಸುತ್ತದೆ. ಹಾಟ್‌ಸ್ಪಾಟ್‌ನಲ್ಲಿ ಸರಿ. ಕೊನೆಗೆ ಕೇಳಿದೆ, "ಜಾಹೀರಾತು ತಡೆಯೋದು ಏನಾದ್ರೂ ಹಾಕಿದೀಯಾ?" ಹಾಕಿದ್ದ, ಇಡೀ ಮನೆಗೆ. ಕಿಂಡಲ್ ವೈಫೈ ಸೇರಿದ ತಕ್ಷಣ ಅಮೆಜಾನ್‌ನ ಒಂದು ಚಿಕ್ಕ ಪುಟವನ್ನು ಕೇಳಿ ನೋಡುತ್ತದೆ. ಆ ಪುಟ ಬಂದರೆ ಇಂಟರ್ನೆಟ್ ಇದೆ, ಬಾರದಿದ್ದರೆ ಇಲ್ಲ. ಅವನ ತಡೆಪಟ್ಟಿ ಅದನ್ನೇ ನುಂಗುತ್ತಿತ್ತು. ಆ ಒಂದು ವಿಳಾಸವನ್ನು ಬಿಟ್ಟುಕೊಟ್ಟ, ಮುಗಿಯಿತು. ಈ ವಿಚಾರಣೆಯನ್ನೇ ನಿಲ್ಲಿಸುವ ದಾರಿಯೂ ಇದೆ. ಯುಎಸ್‌ಬಿಯಲ್ಲಿ ಒಂದು ಖಾಲಿ ಫೈಲ್ ಇಡಬೇಕು, ಅದಕ್ಕೊಂದು ನಿರ್ದಿಷ್ಟ ಹೆಸರು. ಹೆಸರು ಹುಡುಕಿಕೊಳ್ಳಿ, ನಾನೂ ಹುಡುಕಿಯೇ ಕಂಡುಕೊಂಡದ್ದು. ಇಂಟರ್ನೆಟ್ ಇಲ್ಲದ ಜಾಗದಲ್ಲಿ ಬರೀ ಮನೆಯೊಳಗಿನ ನೆಟ್‌ವರ್ಕ್‌ನಿಂದ ಪುಸ್ತಕ ಹಾಕಿಕೊಳ್ಳಲು ಇದು ಬಹಳ ಉಪಯೋಗ.

ಹಾಗೆ ಮಾಡಿದ್ದೂ ಉಂಟು. ಮಳೆಗಾಲದಲ್ಲಿ ನಮ್ಮ ಕಡೆ ಫೈಬರ್ ತುಂಡಾದರೆ ವಾರ ಹೋಗುತ್ತದೆ, ಮರ ಬಿದ್ದ ಕಂಬದ ಜೊತೆ ಅದೂ ಮಲಗಿರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಕ್ಯಾಲಿಬರ್‌ನ ಕಂಟೆಂಟ್ ಸರ್ವರ್ ಹಚ್ಚಿ, ರೀಡರ್‌ನ ಬ್ರೌಸರ್‌ನಲ್ಲಿ ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ವಿಳಾಸ ಹೊಡೆದು ಕೊನೆಗೆ :8080 ಸೇರಿಸಿದರೆ ಪುಸ್ತಕದ ಪಟ್ಟಿ ಬರುತ್ತದೆ. ಇಂಟರ್ನೆಟ್ ಬೇಡ, ಕೇಬಲ್ ಬೇಡ. ಕ್ಯಾಲಿಬರ್ ಬರೆದ ಕೋವಿದ್ ಗೋಯಲ್ ನಮ್ಮ ದೇಶದವರೇ, 2006ರಿಂದ ಬಿಟ್ಟಿಯಾಗಿ ಕೊಡುತ್ತಾ ಬಂದಿದ್ದಾರೆ. ನನ್ನ ಅರ್ಧ ಧಂದೆ ಅವರ ಪುಣ್ಯ.

ಕನ್ನಡದ ಪ್ರಯೋಗ ಒಂದು ಹೇಳಲೇಬೇಕು. ಹಳೆ ರೂಟರ್‌ಗೆ ಏನು ಹೆಸರು ಇಡೋಣ ಎಂದಾಗ ಕನ್ನಡದಲ್ಲೇ ಇಟ್ಟರೆ ಹೇಗೆ ಎನ್ನಿಸಿತು. ವೈಫೈ ಹೆಸರಿಗೆ 32 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡಕ್ಕೆ ಮೂರು. ಕೊಂಬು, ಒತ್ತಿನ ಗುರುತು ಎಲ್ಲ ಬೇರೆ ಬೇರೆ ಲೆಕ್ಕ. ಹತ್ತು ಗುರುತಿಗೆ ಜಾಗ ಮುಗಿಯಿತು. 'ಪುಸ್ತಕದ ಮನೆ' ಎಂದು ಇಟ್ಟೆ, ಲೆಕ್ಕ ಹಾಕಿದರೆ ಖಾಲಿ ಜಾಗ ಸೇರಿ 31! ಫೋನಿನಲ್ಲಿ ಚಂದ ಕಂಡಿತು. ಹಳೆ ರೀಡರ್‌ನಲ್ಲಿ ಬರೀ ಚೌಕ ಚೌಕ. ಆದರೂ ಸೇರಿಕೊಂಡಿತು. ಮೇಷ್ಟ್ರು "ಚೌಕ ಬಾಕ್ಸೇ ನಂದು, ಗುರ್ತು ಹಿಡಿಯೋದು ಸುಲಭ" ಎಂದರು. ಬೇರೆಯವರ ಮನೆಯಲ್ಲಿ ಇಂಗ್ಲಿಷಿನಲ್ಲೇ ಇಡುತ್ತೇನೆ, ಖಾಲಿ ಜಾಗ, ವಿಚಿತ್ರ ಚಿಹ್ನೆ ಇಲ್ಲದೆ.

ಇದರಿಂದ ಮುಂದುವರಿದು ಒತ್ತಕ್ಷರದ ಗೀಳು ಹತ್ತಿತು. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಇ-ಪುಸ್ತಕ ಶುರು ಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ನಮ್ಮ ಓದುಗರು ಇಪಬ್ ಸಂಪಾದಿಸಿ ತಾವೇ ಹಾಕಿಕೊಳ್ಳುತ್ತಾರೆ, ಹಳೆ ರೀಡರ್‌ನಲ್ಲಿ 'ಅಮ್ಮ' ಹೋಗಿ ಅ, ಅರ್ಧ ಮ, ಮ ಆಗಿ ಬಿಡಿ ಬಿಡಿಯಾಗಿ ಕೂರುತ್ತದೆ. ಜೈಲ್‌ಬ್ರೇಕ್ ಮಾಡಿ, ಅಂದರೆ ಕಂಪನಿಯ ಸಾಫ್ಟ್‌ವೇರ್ ಬೀಗ ತೆಗೆದು, ಕೆಓರೀಡರ್ ಎನ್ನುವ ಓದುವ ಆ್ಯಪ್ ಹಾಕಿದೆ. ಅದು ಅಕ್ಷರ ಜೋಡಿಸುವ ಹಾರ್ಫ್‌ಬಜ್ ಸಾಫ್ಟ್‌ವೇರ್ ಬಳಸುತ್ತದೆ, ನೋಟೊ ಸಾನ್ಸ್ ಕನ್ನಡ ಫಾಂಟ್ ಕೊಟ್ಟರೆ ಒತ್ತು ತನ್ನ ಜಾಗದಲ್ಲಿ ಕೂತಿತು. ಇದಕ್ಕೆ ನಾನು ದುಡ್ಡು ತಗೊಳ್ಳುವುದಿಲ್ಲ, ಅಂಗಡಿ ಮುಚ್ಚಿದ ಮೇಲೆ ಮಾಡುವ ಕೆಲಸ. ಎಲ್ಲ ಮಾಡೆಲ್‌ಗೂ ಆಗುವುದೂ ಇಲ್ಲ.

ಮಳೆಗಾಲ ಎಂದೆನಲ್ಲ, ಹಾರ್ಡ್‌ವೇರ್ ತೊಂದರೆ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಎಲ್ಲದಕ್ಕೂ ಬೂಸಲು. ಕನೆಕ್ಟರ್ ಹಸಿರಾಗಿ ಬಂದ ರೀಡರ್ ನಾಲ್ಕೈದು ನೋಡಿದ್ದೇನೆ. ಬ್ಯಾಟರಿ ಸೊರಗಿದ್ದರೂ ಮೋಸ ಮಾಡುತ್ತದೆ. ಓದುವಾಗ ಕರೆಂಟ್ ಬೇಕಾಗುವುದೇ ಇಲ್ಲ ಎನ್ನುವಷ್ಟು ಕಡಿಮೆ, ಹಾಗಾಗಿ ಚೆನ್ನಾಗಿದೆ ಎನ್ನಿಸುತ್ತದೆ. ವೈಫೈ ಹಚ್ಚಿದ ಕೂಡಲೇ ಒಮ್ಮೆಲೇ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ರೀಡರ್ ರೀಸ್ಟಾರ್ಟ್. ಚಾರ್ಜರ್ ಚುಚ್ಚಿಕೊಂಡೇ ವೈಫೈ ಹಚ್ಚಿ ನೋಡಿ. ಆವಾಗ ನಿಂತರೆ ಬ್ಯಾಟರಿ ಬದಲಾಯಿಸಿ, ಎಂಟು ನೂರು ಸಾಕು. ಆದರೆ ನನ್ನ ಲೆಕ್ಕದಲ್ಲಿ ಹತ್ತರಲ್ಲಿ ಎರಡು ಮಾತ್ರ ಹೀಗೆ.

ಮೂರ್ನಾಲ್ಕು ತಿಂಗಳ ಹಿಂದೆ ಒಬ್ಬರು ದೊಡ್ಡ ಕಿಂಡಲ್ ಡಿಎಕ್ಸ್ ತಂದರು. ನೋಡಲು ರಾಜ ಇದ್ದ ಹಾಗಿದೆ. "ವೈಫೈ ಬರ್ತಿಲ್ಲ, ಎಷ್ಟಾದ್ರೂ ಆಗ್ಲಿ ಸರಿ ಮಾಡ್ಕೊಡಿ" ಎಂದರು. ಬೇರೆ ಅಂಗಡಿಯಲ್ಲಿ ವೈಫೈ ಐಸಿ (ಚಿಪ್) ಬದಲಾಯಿಸಲು ಎರಡೂವರೆ ಸಾವಿರ ಹೇಳಿದ್ದರಂತೆ. ಡಿಎಕ್ಸ್‌ನಲ್ಲಿ ವೈಫೈಯೇ ಇಲ್ಲ ಸ್ವಾಮಿ! ಅದು ಮೊಬೈಲ್ ನೆಟ್‌ವರ್ಕ್‌ನಿಂದ ಪುಸ್ತಕ ಇಳಿಸುತ್ತಿದ್ದ ಮಾಲು. ಕಿಂಡಲ್ 2 ಕೂಡ ಹಾಗೇ. ಇಲ್ಲದ ಐಸಿಗೆ ರೇಟು ಹೇಳಿದವನ ಧೈರ್ಯ ಮೆಚ್ಚಬೇಕು. ಕೇಬಲ್‌ನಲ್ಲಿ ನಾಲ್ಕು ಪುಸ್ತಕ ಹಾಕಿಕೊಟ್ಟು, ಟೀ ಕುಡಿಸಿ ಕಳಿಸಿದೆ.

ಈಗ ನನ್ನ ರೇಟು ಹೀಗಿದೆ. ನೋಡಿ ಹೇಳುವುದಕ್ಕೆ ನೂರು. ಮನೆಗೆ ಬಂದು ಹಳೆ ರೂಟರ್ ಕೂರಿಸಿ, ಕೇಬಲ್ ಸಮೇತ ಎಂಟು ನೂರರಿಂದ ಸಾವಿರ, ದೂರದ ಮೇಲೆ ಹೆಚ್ಚುಕಡಿಮೆ. ಮನೆಯ ರೂಟರ್‌ನಲ್ಲೇ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಲು ಬಂದರೆ ಇನ್ನೂರೈವತ್ತು, ಕೇಬಲ್ ಇಲ್ಲ, ಡಬ್ಬ ಇಲ್ಲ. ಪಕ್ಕದ ಅಂಗಡಿಯವನೂ ಹೋದ ತಿಂಗಳು ತನ್ನ ತಂಗಿಯ ರೀಡರ್ ತಂದು ಟೇಬಲ್ ಮೇಲಿಟ್ಟ, ಏನೂ ಮಾತಾಡದೆ. ಅವನ ಹತ್ತಿರ ಪೂರ್ತಿ ರೇಟು ತಗೊಂಡಿದ್ದೇನೆ.

ನನ್ನ ಕೈಗೆ ಇನ್ನೂ ಬಗ್ಗದೆ ಇರುವುದು ಕಾಲೇಜು ಹಾಸ್ಟೆಲ್. ಅಲ್ಲಿ ಬರೀ ಪಾಸ್‌ವರ್ಡ್ ಅಲ್ಲ, ಒಬ್ಬೊಬ್ಬರಿಗೂ ಬೇರೆ ಯೂಸರ್ ನೇಮ್ ಕೇಳುವ ಎಂಟರ್‌ಪ್ರೈಸ್ ವೈಫೈ. ನನ್ನ ಕೈಗೆ ಬಂದ ಹಳೆ ಕಿಂಡಲ್‌ಗಳಲ್ಲಿ ಅದನ್ನು ಹಾಕುವ ಜಾಗ ನನಗೆ ಸಿಕ್ಕಿಲ್ಲ. ಶಿವಮೊಗ್ಗದಲ್ಲಿ ಓದುವ ಒಬ್ಬ ಹುಡುಗಿಗೆ ಅಂಗೈ ಅಗಲದ ಟ್ರಾವೆಲ್ ರೂಟರ್ ಒಂದನ್ನು ಕೊಟ್ಟು ಕಳಿಸಿದ್ದೇನೆ. ಅದು ಹಾಸ್ಟೆಲ್ ವೈಫೈಗೆ ಅವಳ ಹೆಸರಲ್ಲಿ ಸೇರಿ, ಈ ಕಡೆ 2.4ರಲ್ಲಿ ಡಬ್ಲ್ಯೂಪಿಎ2 ಹಂಚಬೇಕು. ಸೆಕೆಂಡ್ ಹ್ಯಾಂಡ್, ಒಂಬೈನೂರು ಬಿತ್ತು. ವಾರ್ಡನ್ ಒಪ್ಪಿಗೆ ಕೇಳಿಯೇ ಹಚ್ಚು ಎಂದಿದ್ದೇನೆ. ಸೋಮವಾರ ಫೋನ್ ಮಾಡುತ್ತೇನೆ ಎಂದಿದ್ದಾಳೆ.